ಕೋರ್ಟು ಬಿಟ್ಟರೂ ಊರು ಬಿಡಲಿಲ್ಲ

1922ರ ಏಪ್ರಿಲ್ 12. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ನ್ಯಾಯಾಲಯವೊಂದರಲ್ಲಿ ಜ್ಯೂರಿ ಸದಸ್ಯರು ತೀರ್ಮಾನಕ್ಕೆಂದು ಒಳಕೋಣೆಗೆ ಹೋದರು. ಐದಾರು ನಿಮಿಷಗಳಲ್ಲೇ ಹೊರಬಂದು, ಆರೋಪಿ ನಿರ್ದೋಷಿ ಎಂದರು. ಅಷ್ಟಕ್ಕೇ ಸುಮ್ಮನಾಗದೆ, ತಾವು ಬರೆದು ತಂದಿದ್ದ ಹೇಳಿಕೆಯೊಂದನ್ನೂ ಮುಂದಿಟ್ಟರು. ಈ ಮನುಷ್ಯನಿಗೆ ಬರೀ ಬಿಡುಗಡೆ ಸಾಲದು, ಈತನಿಗೆ ದೊಡ್ಡ ಅನ್ಯಾಯವಾಗಿದೆ ಎಂಬುದು ಅದರ ತಾತ್ಪರ್ಯ. ತೀರ್ಪು ಹೇಳಬೇಕಾದವರೇ ಆರೋಪಿಯ ಕ್ಷಮೆ ಕೇಳುವ ಧಾಟಿಯಲ್ಲಿ ಮಾತನಾಡಿದ ಅಪರೂಪದ ಪ್ರಸಂಗ ಅದು.

ಸರಿಯಾಗಿ ಆರು ದಿನ ಕಳೆಯಿತು. ಏಪ್ರಿಲ್ 18ರಂದು ಅಮೆರಿಕದ ಚಲನಚಿತ್ರ ನಿರ್ಮಾಪಕರ ಸಂಘದ ಮುಖ್ಯಸ್ಥ ವಿಲ್ ಹೇಸ್, ಅದೇ ಮನುಷ್ಯನ ಚಿತ್ರಗಳನ್ನು ಎಲ್ಲಿಯೂ ತೋರಿಸಕೂಡದೆಂದು ನಿಷೇಧ ಹೇರಿದ. ನ್ಯಾಯಾಲಯದಲ್ಲಿ ಗೆದ್ದವನು ಚಿತ್ರಮಂದಿರದಲ್ಲಿ ಸೋತಿದ್ದ. ಆತನ ಹೆಸರು ರಾಸ್ಕೊ ಆರ್ಬಕಲ್. ಮೂಕಿ ಚಿತ್ರಗಳ ಕಾಲದಲ್ಲಿ 'ಫ್ಯಾಟಿ' ಎಂಬ ಅಡ್ಡಹೆಸರಿನಿಂದ ಲೋಕವನ್ನೆಲ್ಲ ನಗಿಸಿದ ದಢೂತಿ ದೇಹದ ನಟ.

ಜ್ಯೂರಿಯ ಮಾತಿಗಿಂತ ಹೆಚ್ಚು ಬೆಲೆ ಪಡೆದ ಆ ಇನ್ನೊಂದು ತೀರ್ಪನ್ನು ಕೊಟ್ಟವರು ಯಾರು? ಅದನ್ನು ಹುಡುಕುತ್ತ ಹೋದರೆ, ತಾರೆಯರ ಗುಸುಗುಸು ಸುದ್ದಿಯನ್ನು ಮಾರುವ ಪತ್ರಿಕೆಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಕಣ್ಣಾರೆ ಕಾಣದ ಒಬ್ಬ ಮನುಷ್ಯನ ಬಗ್ಗೆ 'ಅವನು ಅಂಥವನೇ' ಎಂದು ಸಾವಿರಾರು ಜನ ಹೇಗೆ ಖಚಿತವಾಗಿ ಹೇಳಬಲ್ಲವರಾಗುತ್ತಾರೆ ಎಂಬುದೂ ಅಲ್ಲಿ ತಿಳಿಯುತ್ತದೆ.

ನಗಿಸಿದ ಮೈಯೇ ಸಾಕ್ಷಿಯಾಯಿತು

1921ರಲ್ಲಿ ಆರ್ಬಕಲ್ ಖ್ಯಾತಿಯ ತುತ್ತತುದಿಯಲ್ಲಿದ್ದ. ಪ್ಯಾರಾಮೌಂಟ್ ಸಂಸ್ಥೆಯೊಡನೆ ಆತ ಮಾಡಿಕೊಂಡಿದ್ದ ಒಪ್ಪಂದದ ಮೊತ್ತ ವರ್ಷಕ್ಕೆ 10 ಲಕ್ಷ ಡಾಲರ್. ಆ ಸೆಪ್ಟೆಂಬರ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ಸೇಂಟ್ ಫ್ರಾನ್ಸಿಸ್ ಹೋಟೆಲಿನಲ್ಲಿ ಆತ ಮತ್ತು ಗೆಳೆಯರು ಹಿಡಿದಿದ್ದ ಕೋಣೆಗಳಲ್ಲಿ ಒಂದು ಪಾರ್ಟಿ ನಡೆಯಿತು. ಅಮೆರಿಕದಲ್ಲಿ ಪಾನನಿಷೇಧ ಜಾರಿಯಾಗಿ ಒಂದೂವರೆ ವರ್ಷವಾಗಿದ್ದರೂ ಅಲ್ಲಿ ಮದ್ಯ ಧಾರಾಳವಾಗಿ ಹರಿದಿತ್ತು. ಬಂದವರಲ್ಲಿ ವರ್ಜೀನಿಯಾ ರ್‍ಯಾಪ್ ಎಂಬ ಯುವನಟಿಯೂ ಇದ್ದಳು. ಆಕೆ ಅಲ್ಲಿ ಅಸ್ವಸ್ಥಳಾದಳು. ನಾಲ್ಕು ದಿನಗಳ ನಂತರ, ಸೆಪ್ಟೆಂಬರ್ 9ರಂದು, ಮೂತ್ರಕೋಶ ಒಡೆದು ನಂಜೇರಿದ್ದರಿಂದ ತೀರಿಕೊಂಡಳು. ಪಾರ್ಟಿಗೆ ಬಂದಿದ್ದ ಇನ್ನೊಬ್ಬ ಹೆಂಗಸು ಆರ್ಬಕಲ್ ಮೇಲೆ ದೂರು ಹೇಳಿದಳು. ಪೊಲೀಸರು ಆತನನ್ನು ಬಂಧಿಸಿದರು.

ಮುಂದಿನ ಕೆಲಸವನ್ನು ಪತ್ರಿಕೆಗಳು ವಹಿಸಿಕೊಂಡವು. ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಆಗ ಅಮೆರಿಕದ ಬಲಾಢ್ಯ ಪತ್ರಿಕಾ ದೊರೆ. ಆತನ 'ಸ್ಯಾನ್ ಫ್ರಾನ್ಸಿಸ್ಕೊ ಎಕ್ಸಾಮಿನರ್' ಪತ್ರಿಕೆಯಲ್ಲಿ ಆರ್ಬಕಲ್ ಜೇಡನಾಗಿ, ಹೆಣ್ಣುಗಳು ಬಲೆಗೆ ಬಿದ್ದ ನೊಣಗಳಾಗಿ ಕಾಣಿಸಿಕೊಂಡರು. ದಿನಕ್ಕೊಂದು ಹೊಸ 'ವಿವರ' ಹೊರಬಂತು. ಮೂತ್ರಕೋಶ ಒಡೆದದ್ದು ಆತನ ಭಾರೀ ಮೈಯ ತೂಕಕ್ಕೆ ಎಂಬ ಊಹೆಗೆ ರೆಕ್ಕೆಪುಕ್ಕ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆರ್ಬಕಲ್‌ನನ್ನು ಅಮೆರಿಕದ ಜನ ಅರಿತಿದ್ದದ್ದು ಆತನ ಮೈಯ ಮೂಲಕ. ತೆರೆಯ ಮೇಲೆ ಅದು ಜಾರಿ ಬೀಳುತ್ತಿತ್ತು, ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ನಗೆ ತರಿಸುತ್ತಿತ್ತು. ಪತ್ರಿಕೆಗಳು ಹೊಸದಾಗಿ ಯಾವ ಮನುಷ್ಯನನ್ನೂ ಸೃಷ್ಟಿಸಬೇಕಾಗಲಿಲ್ಲ. ಓದುಗರ ಮನಸ್ಸಿನಲ್ಲಿ ಮೊದಲೇ ಇದ್ದ ಚಿತ್ರವನ್ನೇ ತೆಗೆದುಕೊಂಡು ಅದರ ಅರ್ಥವನ್ನಷ್ಟೇ ತಿರುಗಿಸಿದವು. ನಗುವಿನ ಮೈ ಭಯದ ಮೈಯಾಯಿತು. ತಾರೆಯರ ಕುರಿತ ಗಾಳಿಸುದ್ದಿ ಅಷ್ಟು ಬೇಗ ನಾಟುವುದಕ್ಕೆ ಇದೂ ಕಾರಣ. ತಾರೆಯ ಬಗ್ಗೆ ಓದುಗರ ಬಳಿ ಅರ್ಧ ಕಥೆ ಮೊದಲೇ ಸಿದ್ಧವಿರುತ್ತದೆ. ಉಳಿದರ್ಧವನ್ನು ಪತ್ರಿಕೆ ಒದಗಿಸುತ್ತದೆ.

ನ್ಯಾಯಾಲಯದೊಳಗೆ ನಡೆದದ್ದು ಬೇರೆಯೇ ಕಥೆ. ಕೊಲೆಯ ಆರೋಪ ನಿಲ್ಲದೆ ಅದಕ್ಕಿಂತ ಕಡಿಮೆಯ ನರಹತ್ಯೆಯ ಆರೋಪದ ಮೇಲೆ ವಿಚಾರಣೆ ನಡೆಯಿತು. ಮೊದಲು ದೂರಿದ ಹೆಂಗಸನ್ನು ಸರ್ಕಾರಿ ವಕೀಲರು ಒಮ್ಮೆಯೂ ಸಾಕ್ಷಿಯ ಕಟಕಟೆಗೆ ಕರೆಯಲಿಲ್ಲ. ಮೊದಲ ವಿಚಾರಣೆಯಲ್ಲಿ ಜ್ಯೂರಿಯ ಬಹುಮತ ಬಿಡುಗಡೆಯ ಕಡೆಗಿತ್ತು, ಒಮ್ಮತ ಬರಲಿಲ್ಲ. ಎರಡನೆಯದರಲ್ಲಿ ಬಹುಮತ ಶಿಕ್ಷೆಯ ಕಡೆಗಿತ್ತು, ಆಗಲೂ ಒಮ್ಮತವಿಲ್ಲ. ಮೂರನೆಯದರಲ್ಲಿ ಬಂದದ್ದು ಆ ಐದಾರು ನಿಮಿಷಗಳ ತೀರ್ಪು.

ಸತ್ತ ಹೆಣ್ಣಿಗೂ ಈ ಗದ್ದಲದಲ್ಲಿ ನ್ಯಾಯ ಸಿಗಲಿಲ್ಲ. ಮೊದಲು ಪತ್ರಿಕೆಗಳು ಆಕೆಯನ್ನು ಏನೂ ಅರಿಯದ ಮುಗ್ಧೆ ಎಂದವು. ಆಮೇಲೆ ಆರೋಪಿಯ ಪರ ನಿಂತವರು ಆಕೆಯ ನಡತೆಯನ್ನೇ ಬೀದಿಗೆಳೆದರು. ಕಾಯಿಲೆಯಿಂದ ಸತ್ತ ಒಬ್ಬ ಯುವತಿ ಯಾರ ಬರಹದಲ್ಲೂ ಮನುಷ್ಯಳಾಗಿ ಉಳಿಯಲಿಲ್ಲ.

ವಿಲ್ ಹೇಸ್ ಅದೇ ವರ್ಷದ ಡಿಸೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದುಕೊಂಡ. ಪ್ರಯೋಜನವಾಗಲಿಲ್ಲ. ಆರ್ಬಕಲ್ ವಿಲಿಯಂ ಗುಡ್‌ರಿಚ್ ಎಂಬ ಮಾರುಹೆಸರಿನಲ್ಲಿ ನಿರ್ದೇಶನ ಮಾಡಿ ದಿನ ನೂಕಬೇಕಾಯಿತು. ಸ್ವಂತ ಹೆಸರಿನಲ್ಲಿ ಮತ್ತೆ ತೆರೆಗೆ ಬರಲು 1932 ಆಗಬೇಕಾಯಿತು. 1933ರ ಜೂನ್ 29ರಂದು, 46ನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡ.

ಮದರಾಸಿನ 'ದೂತು'

ಇದು ದೂರದ ಅಮೆರಿಕದ ಮಾತಾಯಿತೆನ್ನುವಂತಿಲ್ಲ. ಇಪ್ಪತ್ತೆರಡು ವರ್ಷಗಳ ನಂತರ, ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ಮದರಾಸಿನಲ್ಲೇ ಇದಕ್ಕೆ ಸರಿಸಾಟಿಯಾದ ಪ್ರಕರಣವೊಂದು ನಡೆಯಿತು.

ಎರಡನೇ ಮಹಾಯುದ್ಧದ ದಿನಗಳು. ಸಿ.ಎನ್. ಲಕ್ಷ್ಮೀಕಾಂತನ್ ಎಂಬಾತ 'ಸಿನಿಮಾ ತೂದು' ಎಂಬ ತಮಿಳು ಪತ್ರಿಕೆ ನಡೆಸುತ್ತಿದ್ದ. 'ತೂದು' ಎಂದರೆ ದೂತು, ಸಂದೇಶ. ನಟನಟಿಯರ ಖಾಸಗಿ ಬದುಕಿನ ರಸವತ್ತಾದ ಕಥೆಗಳೇ ಆ ಪತ್ರಿಕೆಯ ಬಂಡವಾಳ. ಹಿಂದೆ ಫೋರ್ಜರಿ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಬಂದಿದ್ದ ಈತನಿಗೆ ಬರೆದದ್ದರಿಂದ ಒಂದು ಆದಾಯ, ಬರೆಯದೆ ಇರುವುದಕ್ಕೆ ಇನ್ನೊಂದು ಆದಾಯ. ತಮ್ಮ ಹೆಸರು ಬಾರದಿರಲೆಂದು ಹಣ ಕೊಟ್ಟು ಬಾಯಿ ಮುಚ್ಚಿಸಿದವರಿದ್ದರು.

ಆಗ ತಮಿಳು ಚಿತ್ರರಂಗದ ಮಹಾತಾರೆ ಎಂ.ಕೆ. ತ್ಯಾಗರಾಜ ಭಾಗವತರ್. ಅವರ ಹಾಡಿಗೆ ತಲೆದೂಗದವರಿರಲಿಲ್ಲ. ಇನ್ನೊಬ್ಬರು ಎನ್.ಎಸ್. ಕೃಷ್ಣನ್, ನಗಿಸುತ್ತಲೇ ಸಮಾಜದ ಓರೆಕೋರೆಗಳನ್ನು ಎತ್ತಿ ತೋರಿಸುತ್ತಿದ್ದ ಹಾಸ್ಯನಟ. ಇವರಿಬ್ಬರು ಮತ್ತು ಕೊಯಮತ್ತೂರಿನ ನಿರ್ದೇಶಕ ಎಸ್.ಎಂ. ಶ್ರೀರಾಮುಲು ನಾಯ್ಡು ಸೇರಿ ಪತ್ರಿಕೆಯ ವಿರುದ್ಧ ಮದರಾಸಿನ ಗವರ್ನರ್ ಆರ್ಥರ್ ಹೋಪ್ ಅವರಿಗೆ ಮನವಿ ಕೊಟ್ಟರು. ಪತ್ರಿಕೆಯ ಪರವಾನಗಿ ರದ್ದಾಯಿತು. ಲಕ್ಷ್ಮೀಕಾಂತನ್ ಜಗ್ಗಲಿಲ್ಲ. 'ಹಿಂದು ನೇಶನ್' ಎಂಬ ಇನ್ನೊಂದು ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಹಳೆಯ ವ್ಯಾಪಾರವನ್ನೇ ಮುಂದುವರಿಸಿದ.

1944ರ ನವೆಂಬರ್ 8ರಂದು ಮದರಾಸಿನ ವೇಪೇರಿಯಲ್ಲಿ ಕೈರಿಕ್ಷಾದಲ್ಲಿ ಹೋಗುತ್ತಿದ್ದಾಗ ಆತನಿಗೆ ಚೂರಿ ಇರಿತವಾಯಿತು. ಮಾರನೆಯ ದಿನ ಜನರಲ್ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ. ಡಿಸೆಂಬರಿನಲ್ಲಿ ಪೊಲೀಸರು ಭಾಗವತರ್, ಕೃಷ್ಣನ್ ಹಾಗೂ ಶ್ರೀರಾಮುಲು ನಾಯ್ಡು ಅವರನ್ನು ಕೊಲೆಯ ಸಂಚಿನ ಆರೋಪದ ಮೇಲೆ ಬಂಧಿಸಿದರು. ಆ ವರ್ಷದ ದೀಪಾವಳಿಗೆ ತೆರೆಕಂಡಿದ್ದ ಭಾಗವತರ್ ಅವರ 'ಹರಿದಾಸ್' ಚಿತ್ರ ಮದರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಆಗ ತುಂಬಿದ ಗೃಹಗಳಲ್ಲಿ ಓಡುತ್ತಿತ್ತು. ಮೂರು ದೀಪಾವಳಿಗಳನ್ನು ಕಂಡ ಚಿತ್ರವದು. ನಾಯಕ ಜೈಲಿನಲ್ಲಿ, ಅವನ ಹಾಡು ತೆರೆಯ ಮೇಲೆ.

1945ರ ಮೇ ತಿಂಗಳಲ್ಲಿ ಜ್ಯೂರಿಯ ಬಹುಮತದ ಅಭಿಪ್ರಾಯದಂತೆ ಭಾಗವತರ್ ಮತ್ತು ಕೃಷ್ಣನ್ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ನಾಯ್ಡು ಬಿಡುಗಡೆಯಾದರು. ಮೊದಲ ಮೇಲ್ಮನವಿ ಬಿದ್ದುಹೋಯಿತು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ಮರುಪರಿಶೀಲನೆಗೆಂದು ಮದರಾಸಿಗೆ ವಾಪಸು ಬಂತು. 1947ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಇಬ್ಬರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಮಾಫಿ ಸಾಕ್ಷಿಯಾಗಿ ತಿರುಗಿದವನ ಹೇಳಿಕೆಯನ್ನು ನೆಚ್ಚಿ ನಿಂತಿದ್ದ ಮೊಕದ್ದಮೆ ಪರೀಕ್ಷೆಗೆ ನಿಲ್ಲಲಿಲ್ಲ. ಅಷ್ಟರಲ್ಲಿ ಇಬ್ಬರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆದಿದ್ದರು.

ಈ ಪ್ರಕರಣದಲ್ಲಿ ಗಾಳಿಸುದ್ದಿಯ ತರ್ಕ ಇನ್ನೂ ವಿಚಿತ್ರ. ಬರೆಯುವವನು ಬದುಕಿರುವಾಗ ಅವನ ಬರಹದ ಬಗ್ಗೆ ಓದುಗರಿಗೆ ಒಂದಿಷ್ಟಾದರೂ ಅನುಮಾನವಿತ್ತು. ದುಡ್ಡಿಗಾಗಿ ಬರೆಯುತ್ತಾನೆ ಎಂದು ಹೇಳುವವರಿದ್ದರು. ಅವನು ಕೊಲೆಯಾದ ಕೂಡಲೇ ಅದೇ ಬರಹಕ್ಕೆ ಹೊಸ ಬೆಲೆ ಬಂತು. ಕೊಲ್ಲಿಸುವಷ್ಟು ಕೋಪ ಬಂದಿದ್ದರೆ ಬರೆದದ್ದು ನಿಜವೇ ಇರಬೇಕಲ್ಲವೇ ಎಂಬ ವಾದ ಹುಟ್ಟುವುದು ಸುಲಭ. ಕೊಲೆಯ ಆರೋಪಕ್ಕೆ ಗಾಳಿಸುದ್ದಿ ಆಧಾರ, ಗಾಳಿಸುದ್ದಿಗೆ ಕೊಲೆಯ ಆರೋಪ ಆಧಾರ. ಎರಡೂ ಒಂದರ ಹೆಗಲ ಮೇಲೆ ಒಂದು ಕೈಹಾಕಿ ನಿಂತವು.

ಬಿಡುಗಡೆಯ ನಂತರ ಇಬ್ಬರ ದಾರಿ ಬೇರೆಯಾಯಿತು. ಭಾಗವತರ್ 1948ರ 'ರಾಜಮುಕ್ತಿ'ಯಿಂದ ಮತ್ತೆ ಪ್ರಯತ್ನಿಸಿದರು. ಹಿಂದಿನ ವೈಭವ ಮರಳಲಿಲ್ಲ. ಚಿತ್ರಗಳ ಧಾಟಿ ಬದಲಾಗಿ, ಹಾಡಿಗಿಂತ ಮಾತಿಗೆ ಬೆಲೆ ಬರುತ್ತಿದ್ದುದೂ ಅದಕ್ಕೆ ಕಾರಣವೆನ್ನಬೇಕು. 1959ರ ನವೆಂಬರ್ 1ರಂದು ಅವರು ತೀರಿಕೊಂಡಾಗ ವಯಸ್ಸು 49. ಕೃಷ್ಣನ್ ಮಾತ್ರ ಜನರ ನಡುವೆ ಹಳೆಯ ಆತ್ಮೀಯತೆಯನ್ನು ಮರಳಿ ಪಡೆದರು. ಸಿ.ಎನ್. ಅಣ್ಣಾದೊರೈ ಬರೆದ 'ನಲ್ಲತಂಬಿ'ಯನ್ನು 1949ರಲ್ಲಿ ತೆರೆಗೆ ತಂದರು, ಚಿತ್ರಗಳನ್ನು ನಿರ್ದೇಶಿಸಿದರು.

ಆರೋಪ ಒಂದೇ, ಸೆರೆಮನೆ ಒಂದೇ, ಬಿಡುಗಡೆಯ ತೀರ್ಪೂ ಒಂದೇ. ಫಲ ಮಾತ್ರ ಬೇರೆ. ಭಾಗವತರ್ ಅವರನ್ನು ಜನ ದೇವರಂತೆ ದೂರದಿಂದ ಕಂಡಿದ್ದರು. ಮೂರ್ತಿಗೆ ಒಂದು ಬಿರುಕು ಬಿದ್ದರೂ ಪೂಜೆಗೆ ಒದಗುವುದಿಲ್ಲ. ಕೃಷ್ಣನ್ ಅವರನ್ನು ಜನ ತೆರೆಯ ಮೇಲಷ್ಟೇ ಅಲ್ಲ, ಕೇಳಿದವರಿಗೆ ಇಲ್ಲವೆನ್ನದ ಕೊಡುಗೈಯವರೆಂದೂ ಬಲ್ಲವರಾಗಿದ್ದರು. ಅವರನ್ನು ನೋಡಲು ಒಂದಕ್ಕಿಂತ ಹೆಚ್ಚು ಕಿಟಕಿಗಳಿದ್ದವು. ಒಂದು ಕಿಟಕಿಗೆ ಕೆಸರು ಬಿದ್ದಾಗ ಇನ್ನೊಂದರಿಂದ ನೋಡಲು ಸಾಧ್ಯವಾಯಿತು. ಆರ್ಬಕಲ್ ಪಾಲಿಗೂ ಕಷ್ಟದಲ್ಲಿ ಕೈಬಿಡದೆ ನಿಂತವನು, ಜೊತೆಯಲ್ಲಿ ದುಡಿದು ಹತ್ತಿರದಿಂದ ಕಂಡಿದ್ದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್.

ಪ್ರಶ್ನೆ ಚಿಹ್ನೆಯ ಮಹಿಮೆ

ಗಾಳಿಸುದ್ದಿಯನ್ನು ಓದುವವರೆಲ್ಲ ಅದನ್ನು ನಂಬುತ್ತಾರೆಯೇ? 'ಸುಮ್ಮನೆ ಓದುತ್ತೇವೆ, ನಂಬುವುದಿಲ್ಲ' ಎನ್ನುವವರೇ ಹೆಚ್ಚು. ಆದರೆ ಮನಸ್ಸಿನ ವ್ಯವಹಾರ ಅಷ್ಟು ಸರಳವಲ್ಲವೆಂದು ಮನಃಶಾಸ್ತ್ರಜ್ಞರು ತೋರಿಸಿದ್ದಾರೆ.

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು ರೇಡಿಯೊ, ಟೆಲಿವಿಷನ್‌ಗಳ ಪ್ರಭಾವದ ಬಗ್ಗೆ ಬರೆಯುತ್ತ ಒಂದು ಸಂಗತಿಯನ್ನು ಗುರುತಿಸಿದರು. ಪದೇ ಪದೇ ಕಾಣುವ, ಕೇಳುವ ವ್ಯಕ್ತಿಯನ್ನು ಜನ ತಮ್ಮ ಸ್ವಂತ ಪರಿಚಯದವರಂತೆ ಭಾವಿಸತೊಡಗುತ್ತಾರೆ. ಆ ಕಡೆಯವನಿಗೆ ಇವರ ಹೆಸರೂ ಗೊತ್ತಿರುವುದಿಲ್ಲ. ಇವರಿಗೆ ಮಾತ್ರ ಅವನು ಮನೆಯವನು. ಮನೆಯವನೆಂದ ಮೇಲೆ ಅವನ ಮದುವೆ, ಮುನಿಸು, ಸಾಲ ಎಲ್ಲದರ ಮೇಲೂ ಮಾತಾಡುವ ಹಕ್ಕು ಬಂದಂತಾಗುತ್ತದೆ.

1977ರಲ್ಲಿ ಲಿನ್ ಹ್ಯಾಷರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಹಲವು ಹೇಳಿಕೆಗಳನ್ನು ಕೇಳಿಸಲಾಯಿತು. ಅವುಗಳಲ್ಲಿ ನಿಜವೂ ಇದ್ದವು, ಸುಳ್ಳೂ ಇದ್ದವು. ಮತ್ತೆ ಮತ್ತೆ ಕಿವಿಗೆ ಬಿದ್ದ ಹೇಳಿಕೆ, ಸುಳ್ಳಾಗಿದ್ದರೂ, ಹೆಚ್ಚು ನಿಜವೆಂದು ತೋರತೊಡಗಿತು. ಬಾಯಿಂದ ಬಾಯಿಗೆ ಹೋದ ಮಾತು ಮರಳಿ ಬರುವಾಗ ಸಾಕ್ಷಿಯ ವೇಷ ತೊಟ್ಟು ಬರುತ್ತದೆ.

ಇವೆರಡಕ್ಕಿಂತ ಕುತೂಹಲದ್ದು 1981ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಪತ್ರಿಕೆಯ ತಲೆಬರಹಗಳ ರೀತಿಯಲ್ಲಿ ಕೆಲವು ವಾಕ್ಯಗಳನ್ನು ಓದುಗರಿಗೆ ಕೊಟ್ಟರು. ಒಂದರಲ್ಲಿ, ಇಂಥವನು ತಪ್ಪು ಮಾಡಿದ್ದಾನೆ ಎಂದಿತ್ತು. ಇನ್ನೊಂದರಲ್ಲಿ, ಇಂಥವನು ತಪ್ಪು ಮಾಡಿದನೇ ಎಂಬ ಪ್ರಶ್ನೆ. ಮತ್ತೊಂದರಲ್ಲಿ, ಮಾಡಿಲ್ಲ ಎಂಬ ನಿರಾಕರಣೆ. ಪ್ರಶ್ನೆಯ ರೂಪದ ತಲೆಬರಹವೂ ಹೆಚ್ಚುಕಡಿಮೆ ನೇರ ಆರೋಪದಷ್ಟೇ ಕೆಟ್ಟ ಅಭಿಪ್ರಾಯ ಮೂಡಿಸಿತು. ನಿರಾಕರಣೆಯೂ ಒಂದಿಷ್ಟು ಕಲೆ ಉಳಿಸಿಯೇ ಹೋಯಿತು.

ಸಿನಿಮಾ ಪುಟಗಳನ್ನು ಓದಿದ ಯಾರಿಗೂ ಆ ಪ್ರಶ್ನೆ ಚಿಹ್ನೆ ಹೊಸದಲ್ಲ. 'ಇಬ್ಬರ ನಡುವೆ ಏನೋ ಇದೆಯಂತೆ, ಹೌದೇ?' ಎಂದು ಕೇಳಿದರೆ ಮಾನನಷ್ಟ ಮೊಕದ್ದಮೆಯ ಭಯ ಕಡಿಮೆ, ಪರಿಣಾಮ ಮಾತ್ರ ಕಡಿಮೆಯಿಲ್ಲ. ಹೆಸರು ಬಿಟ್ಟು 'ಗುಂಗುರು ಕೂದಲಿನ ನಟ' ಎಂದರೆ ಇನ್ನೂ ಒಳ್ಳೆಯದು. ಹೆಸರು ತುಂಬುವ ಕೆಲಸವನ್ನು ಓದುಗರೇ ಮಾಡುತ್ತಾರೆ, ತಾವೇ ಪತ್ತೆಹಚ್ಚಿದ್ದನ್ನು ಇನ್ನಷ್ಟು ಗಟ್ಟಿಯಾಗಿ ನಂಬುತ್ತಾರೆ. ಸಂಬಂಧಪಟ್ಟವರು ಸುಮ್ಮನಿದ್ದರೆ ಮೌನವೇ ಸಮ್ಮತಿ. ಅಲ್ಲವೆಂದು ಎದ್ದುನಿಂತರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಸಿದ್ಧವಾಗಿದೆ. ಎರಡು ದಾರಿಗಳೂ ಒಂದೇ ಹಳ್ಳಕ್ಕೆ.

ಈ ಕಲೆ ವ್ಯಾಪಾರವಾಗಿ ಬೆಳೆದ ರೀತಿಯೂ ಗಮನಾರ್ಹ. ಹಾಲಿವುಡ್‌ನಲ್ಲಿ ಲುವೆಲ್ಲಾ ಪಾರ್ಸನ್ಸ್ ಮತ್ತು ಹೆಡ್ಡಾ ಹಾಪರ್ ಎಂಬ ಇಬ್ಬರು ಅಂಕಣಗಾರ್ತಿಯರು ದೊಡ್ಡ ದೊಡ್ಡ ಸ್ಟುಡಿಯೋಗಳನ್ನೇ ನಡುಗಿಸಿದರು. 1952ರಲ್ಲಿ ಆರಂಭವಾದ 'ಕಾನ್ಫಿಡೆನ್ಶಿಯಲ್' ಎಂಬ ಪತ್ರಿಕೆಯ ಪ್ರಸಾರ ಕೆಲವೇ ವರ್ಷಗಳಲ್ಲಿ 40 ಲಕ್ಷ ಪ್ರತಿಗಳನ್ನು ದಾಟಿತು. ಮುಂಬಯಿಯಲ್ಲಿ 1935ರಲ್ಲೇ ಬಾಬುರಾವ್ ಪಟೇಲ್ ಅವರ ಚುರುಕು ನಾಲಗೆಯ 'ಫಿಲ್ಮ್‌ಇಂಡಿಯಾ' ಬಂದಿತ್ತು. 1971ರಲ್ಲಿ 'ಸ್ಟಾರ್‌ಡಸ್ಟ್' ಹೊರಬಂತು. ಕ್ಷೌರದಂಗಡಿಯ ಬೆಂಚಿನ ಮೇಲೆ, ಬಸ್ ನಿಲ್ದಾಣದ ಪುಸ್ತಕದ ಮಳಿಗೆಯಲ್ಲಿ ತಾರೆಯರ ಮಲಗುವ ಕೋಣೆಯ ಸುದ್ದಿ ಕೈಗೆಟಕುವ ಬೆಲೆಗೆ ಸಿಗತೊಡಗಿತು.

ಒಬ್ಬರ ಮೇಲಿನ ಮಾತು, ಎಲ್ಲರ ಪಾಲು

ತಾರೆಯರಿಗೆ ಹಣವಿದೆ, ಹೆಸರಿದೆ, ಒಂದಿಷ್ಟು ಮಾತು ಕೇಳಿಸಿಕೊಂಡರೆ ಏನು ಮಹಾ ಎಂದು ಕೇಳಬಹುದು. ಬಲಾಢ್ಯರ ನಿಜವಾದ ಅನಾಚಾರ ಬಯಲಿಗೆ ಬಂದಿರುವುದೂ ಅನೇಕ ಸಲ ಪಿಸುಮಾತಿನ ಜಾಡು ಹಿಡಿದು ಹೊರಟ ವರದಿಗಾರರಿಂದಲೇ. ಆದರೆ ಅಂಥ ವರದಿಗಾರ ಪಿಸುಮಾತನ್ನು ಪರೀಕ್ಷೆಗೊಡ್ಡುತ್ತಾನೆ. ಗುಸುಗುಸು ಅಂಕಣ ಅದನ್ನು ಹಾಗೇ ಬಡಿಸುತ್ತದೆ. ವ್ಯತ್ಯಾಸ ಅಲ್ಲಿದೆ.

ಅಲ್ಲದೆ ಕೆಸರು ತಾರೆಯರ ಅಂಗಳದಲ್ಲೇ ನಿಲ್ಲುವುದಿಲ್ಲ. 2020ರ ಜೂನ್‌ನಲ್ಲಿ ಹಿಂದಿ ಚಿತ್ರನಟ ಸುಶಾಂತ್ ಸಿಂಗ್ ರಜಪೂತ್ ಮುಂಬಯಿಯಲ್ಲಿ ಮೃತಪಟ್ಟಾಗ ನಡೆದದ್ದನ್ನು ನೆನೆಯಬಹುದು. ಟೀವಿ ವಾಹಿನಿಗಳು ತಿಂಗಳುಗಟ್ಟಲೆ ದಿನವಿಡೀ ವಿಚಾರಣೆ ನಡೆಸಿದವು. ಅವರ ಗೆಳತಿಯಾಗಿದ್ದ ನಟಿ ಬಂಗಾಳಿ ಮೂಲದವರೆಂಬ ಒಂದೇ ಕಾರಣಕ್ಕೆ, ಬಂಗಾಳಿ ಹೆಂಗಸರೆಲ್ಲ ಮಾಟಮಂತ್ರ ಮಾಡಿ ಗಂಡಸರನ್ನು ವಶಪಡಿಸಿಕೊಳ್ಳುವವರು ಎಂಬಂಥ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ಎಲ್ಲೋ ಕಚೇರಿಯಲ್ಲಿ ದುಡಿಯುತ್ತಿದ್ದ, ಸಿನಿಮಾದ ಗಂಧವೇ ಇಲ್ಲದ ಹೆಣ್ಣುಮಕ್ಕಳೂ ಅದನ್ನು ಕೇಳಿಸಿಕೊಳ್ಳಬೇಕಾಯಿತು. ಮಾಧ್ಯಮಗಳು ತಾವೇ ವಿಚಾರಣೆ ನಡೆಸುವ ಈ ರೀತಿಯನ್ನು ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಖಂಡಿಸಿತು. 2025ರ ಮಾರ್ಚ್‌ನಲ್ಲಿ ಸಿಬಿಐ ತನಿಖೆಯನ್ನು ಮುಕ್ತಾಯಗೊಳಿಸುವ ವರದಿ ಸಲ್ಲಿಸಿತು. ಸಾವಿನಲ್ಲಿ ಇತರರ ಕೈವಾಡಕ್ಕೆ ಪುರಾವೆ ಸಿಕ್ಕಿರಲಿಲ್ಲ. ವರ್ಷಗಟ್ಟಲೆ ಕೂಗಿದ್ದರ ಮುಂದೆ ಆ ವರದಿಯ ಸದ್ದು ಎಷ್ಟು ಜನರಿಗೆ ಕೇಳಿಸಿತೋ.

ಗಾಳಿಸುದ್ದಿ ತಾರೆಯೊಬ್ಬಳ ಬಗ್ಗೆ ಹೇಳುತ್ತಿರುವಂತೆ ಕಂಡರೂ ನಿಜವಾಗಿ ಕಲಿಸುವುದು ಮನುಷ್ಯರನ್ನು ನೋಡುವ ಒಂದು ರೀತಿಯನ್ನು. ತಡವಾಗಿ ಮನೆಗೆ ಬಂದವಳು ಹೀಗೆ, ಗಂಡನನ್ನು ಬಿಟ್ಟವಳು ಹಾಗೆ, ದಿಢೀರನೆ ಹಣ ಕಂಡವನು ಮತ್ತೊಂದು ಬಗೆ ಎಂಬ ಅಚ್ಚುಗಳು ಅಲ್ಲಿ ಸಿದ್ಧವಾಗುತ್ತವೆ. ಅವು ಬಳಕೆಯಾಗುವುದು ಎದುರು ಮನೆಯ ಹುಡುಗಿಯ ಮೇಲೆ, ಕಚೇರಿಯ ಸಹೋದ್ಯೋಗಿಯ ಮೇಲೆ. ತಾರೆಗೆ ಕೊನೆಗೆ ಒಬ್ಬ ವಕೀಲನಾದರೂ ಇರುತ್ತಾನೆ. ಎದುರು ಮನೆಯ ಹುಡುಗಿಗೆ ಯಾವ ಪ್ರಿವಿ ಕೌನ್ಸಿಲೂ ಇಲ್ಲ. ಹಿಂದೆ ಅಂಥ ಮಾತು ಬೀದಿಯ ಕೊನೆಯವರೆಗೆ ಹೋಗಿ ಸಾಯುತ್ತಿತ್ತು. ಈಗ ಮೊಬೈಲಿನಲ್ಲಿ ರಾಜ್ಯ ದಾಟುತ್ತದೆ.

ಲಕ್ಷ್ಮೀಕಾಂತನ್‌ನನ್ನು ಕೊಂದವರು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ. ಇರಿದ ಕೈ ಯಾವುದೆಂದು ಯಾರಿಗೂ ಗೊತ್ತಿಲ್ಲ. ಆದರೆ ಆ ಪ್ರಕರಣದ ಮಾತು ಬಂದಾಗಲೆಲ್ಲ ಮೊದಲು ನಾಲಗೆಗೆ ಬರುವುದು ಎರಡು ಹೆಸರುಗಳು. ನ್ಯಾಯಾಲಯ 1947ರಲ್ಲೇ ನಿರ್ದೋಷಿಗಳೆಂದು ಹೇಳಿ ಕಳಿಸಿದ ಇಬ್ಬರ ಹೆಸರುಗಳು.